ಬಿಳಿ ಚೆಂಡಿಗೆ ಹೋದವರು ಗೆದ್ದ ಟೆಸ್ಟ್

ಗಾಬಾ ಪಂದ್ಯದ ಸ್ಕೋರ್‌ಕಾರ್ಡ್ ಒಮ್ಮೆ ತೆಗೆದು ನೋಡಿ. 2021ರ ಜನವರಿ 15ರಂದು ಬ್ರಿಸ್ಬೇನ್‌ನಲ್ಲಿ ಶುರುವಾದ ಟೆಸ್ಟ್ ಅದು. ಆಸ್ಟ್ರೇಲಿಯಾದ ಮೊದಲ ಇನಿಂಗ್ಸ್ 369 ರನ್‌ಗಳಿಗೆ ಮುಗಿಯಿತು. ಹತ್ತು ವಿಕೆಟ್‌ಗಳು ಯಾರ ಪಾಲಾದವು? ಟಿ. ನಟರಾಜನ್‌ಗೆ ಮೂರು, ಶಾರ್ದೂಲ್ ಠಾಕೂರ್‌ಗೆ ಮೂರು, ವಾಷಿಂಗ್ಟನ್ ಸುಂದರ್‌ಗೆ ಮೂರು, ಮೊಹಮ್ಮದ್ ಸಿರಾಜ್‌ಗೆ ಒಂದು. ಸಿರಾಜ್ ಅವರನ್ನು ಬಿಟ್ಟರೆ ಉಳಿದ ಮೂವರ ಹೆಸರು, 2020ರ ಅಕ್ಟೋಬರ್ 26ರಂದು ಪ್ರಕಟವಾದ ಟೆಸ್ಟ್ ತಂಡದಲ್ಲಿ ಇರಲೇ ಇಲ್ಲ. ಶಾರ್ದೂಲ್ ಏಕದಿನ ಪಂದ್ಯಗಳಿಗೆ ಆಯ್ಕೆಯಾಗಿದ್ದರು. ಸುಂದರ್ ಟಿ20 ತಂಡದಲ್ಲಿದ್ದರು. ನಟರಾಜನ್ ಆ ದಿನ ಯಾವ ತಂಡದಲ್ಲೂ ಇರಲಿಲ್ಲ. ನೆಟ್ಸ್‌ನಲ್ಲಿ ಬ್ಯಾಟ್ಸ್‌ಮನ್‌ಗಳಿಗೆ ಚೆಂಡು ಹಾಕಲೆಂದು ಹೆಚ್ಚುವರಿಯಾಗಿ ಹೆಸರಿಸಿದ್ದ ನಾಲ್ವರು ಬೌಲರ್‌ಗಳಲ್ಲಿ ಒಬ್ಬರಾಗಿದ್ದರು.

ಆ ಟೆಸ್ಟ್ ಅನ್ನು ಭಾರತ ಗೆದ್ದಿತು, ಸರಣಿಯನ್ನೂ ಗೆದ್ದಿತು. ಅದರ ಬಗ್ಗೆ ಪುಸ್ತಕಗಳು ಬಂದಿವೆ, ಸಾಕ್ಷ್ಯಚಿತ್ರಗಳು ಬಂದಿವೆ. ಎಲ್ಲವೂ ಬಹುಪಾಲು ಟೆಸ್ಟ್ ಸರಣಿಯ ಕಥೆಯನ್ನೇ ಹೇಳುತ್ತವೆ: ಅಡಿಲೇಡ್‌ನಲ್ಲಿ 36ಕ್ಕೆ ಕುಸಿದ ತಂಡ ಬ್ರಿಸ್ಬೇನ್‌ನಲ್ಲಿ ಎದ್ದು ನಿಂತ ಕಥೆ. ಅದು ನಿಜವೇ. ಆದರೆ ಆ ಪ್ರವಾಸ ಅಡಿಲೇಡ್‌ನಲ್ಲಿ ಶುರುವಾಗಲಿಲ್ಲ. ಅದಕ್ಕೆ ಮೊದಲು ಮೂರು ಏಕದಿನ, ಮೂರು ಟಿ20 ಪಂದ್ಯಗಳು ನಡೆದಿದ್ದವು. ಅವನ್ನು ಬಿಟ್ಟು ಗಾಬಾದ ಗೆಲುವನ್ನು ಅರ್ಥ ಮಾಡಿಕೊಳ್ಳಲು ಹೊರಟರೆ ಅರ್ಧ ಕಥೆ ಕೈತಪ್ಪುತ್ತದೆ. ಮೂರು ಮಾದರಿಗಳ ಪ್ರವಾಸವೆಂದರೆ ಮೂರು ಬೇರೆ ಬೇರೆ ಸರಣಿಗಳನ್ನು ಒಂದರ ಹಿಂದೆ ಒಂದು ಪೋಣಿಸಿದ್ದು ಎಂದೇ ನಾವು ಅಂದುಕೊಳ್ಳುತ್ತೇವೆ. ಒಳಗೆ ನಡೆಯುವುದೇ ಬೇರೆ. ಒಂದರ ಗಾಯ ಇನ್ನೊಂದಕ್ಕೆ ಹರಿಯುತ್ತದೆ, ಒಂದರ ಆತ್ಮವಿಶ್ವಾಸ ಇನ್ನೊಂದಕ್ಕೆ ದಾಟುತ್ತದೆ, ಒಂದಕ್ಕೆಂದು ಬಂದ ಆಟಗಾರ ಇನ್ನೊಂದರಲ್ಲಿ ಆಡುತ್ತಾನೆ.

ಮೊದಲೆಲ್ಲ ಪ್ರವಾಸ ಹೀಗಿರಲಿಲ್ಲ. ಲಾಲಾ ಅಮರನಾಥ್ ನಾಯಕತ್ವದಲ್ಲಿ 1947-48ರಲ್ಲಿ ಭಾರತ ಮೊದಲ ಬಾರಿಗೆ ಆಸ್ಟ್ರೇಲಿಯಾಕ್ಕೆ ಹೋದಾಗ ಇದ್ದದ್ದು ಐದು ಟೆಸ್ಟ್‌ಗಳು, ನಡುನಡುವೆ ಅಲ್ಲಿನ ರಾಜ್ಯ ತಂಡಗಳ ಎದುರು ಪಂದ್ಯಗಳು. ಟೆಸ್ಟ್ ಸರಣಿಯನ್ನು 4-0ಯಿಂದ ಸೋತರೂ ಅಲ್ಲಿನ ಪಿಚ್, ಗಾಳಿ, ಬೆಳಕಿಗೆ ಹೊಂದಿಕೊಳ್ಳಲು ಆಟಗಾರರಿಗೆ ತಿಂಗಳುಗಳೇ ಸಿಗುತ್ತಿದ್ದವು. ಏಕದಿನ ಪಂದ್ಯ ಹುಟ್ಟಿದ್ದು 1971ರ ಜನವರಿ 5ರಂದು ಮೆಲ್ಬರ್ನ್‌ನಲ್ಲಿ, ಮಳೆಗೆ ಟೆಸ್ಟ್ ಒಂದು ಕೊಚ್ಚಿಹೋದ ಮೇಲೆ. ಭಾರತ ಮೊದಲ ಏಕದಿನ ಪಂದ್ಯ ಆಡಿದ್ದು 1974ರ ಜುಲೈನಲ್ಲಿ, ಇಂಗ್ಲೆಂಡಿನ ಹೆಡಿಂಗ್ಲಿಯಲ್ಲಿ. ಅಜಿತ್ ವಾಡೇಕರ್ ತಂಡ ಲಾರ್ಡ್ಸ್‌ನಲ್ಲಿ 42ಕ್ಕೆ ಆಲೌಟಾದ ಪ್ರವಾಸವೂ ಅದೇ. ಅಡಿಲೇಡ್‌ನ 36 ಅಳಿಸಿಹಾಕಿದ್ದು ಆ ದಾಖಲೆಯನ್ನೇ.

ಮೂರೂ ಮಾದರಿಗಳು ಒಂದೇ ಪ್ರವಾಸದಲ್ಲಿ ಬಂದದ್ದು ನಮಗೆ 2006-07ರ ದಕ್ಷಿಣ ಆಫ್ರಿಕಾ ಪ್ರವಾಸದಲ್ಲಿ. ರಾಹುಲ್ ದ್ರಾವಿಡ್ ನಾಯಕ. ಏಕದಿನ ಸರಣಿಯಲ್ಲಿ 4-0 ಸೋಲು. ಡರ್ಬನ್‌ನಲ್ಲಿ ಇಡೀ ತಂಡ 91ಕ್ಕೆ ಉದುರಿತ್ತು. ಆ ಸೋಲುಗಳ ನಡುವೆಯೇ, ಡಿಸೆಂಬರ್ 1ರಂದು, ಜೋಹಾನ್ಸ್‌ಬರ್ಗ್‌ನಲ್ಲಿ ಭಾರತ ತನ್ನ ಮೊತ್ತಮೊದಲ ಅಂತರರಾಷ್ಟ್ರೀಯ ಟಿ20 ಆಡಿ ಗೆದ್ದಿತು. ವೀರೇಂದ್ರ ಸೆಹ್ವಾಗ್ ಅಂದಿನ ನಾಯಕ. ಸಚಿನ್ ತೆಂಡೂಲ್ಕರ್ ಆಡಿದ ಏಕೈಕ ಅಂತರರಾಷ್ಟ್ರೀಯ ಟಿ20 ಅದು. ಎರಡು ವಾರಗಳ ನಂತರ ಅದೇ ಜೋಹಾನ್ಸ್‌ಬರ್ಗ್‌ನಲ್ಲಿ ದ್ರಾವಿಡ್ ಪಡೆ 123 ರನ್‌ಗಳಿಂದ ಟೆಸ್ಟ್ ಗೆದ್ದಿತು. ದಕ್ಷಿಣ ಆಫ್ರಿಕಾ ನೆಲದಲ್ಲಿ ಭಾರತದ ಮೊದಲ ಟೆಸ್ಟ್ ಗೆಲುವು. ಸರಣಿ ಆಮೇಲೆ 2-1ರಿಂದ ಕೈಬಿಟ್ಟಿತಾದರೂ, ಬಿಳಿ ಚೆಂಡಿನಲ್ಲಿ ನೆಲಕಚ್ಚಿದ ತಂಡ ಕೆಂಪು ಚೆಂಡಿನಲ್ಲಿ ತಲೆಯೆತ್ತಬಲ್ಲದು ಎಂಬುದಕ್ಕೆ ಅದು ಮೊದಲ ಸಾಕ್ಷಿ.

ಯಾವ ಮಾದರಿ ಮೊದಲು ಬರುತ್ತದೆ ಎನ್ನುವುದಕ್ಕೂ ಬೆಲೆಯಿದೆ. ಅನಿಲ್ ಕುಂಬ್ಳೆ ನಾಯಕತ್ವದ 2007-08ರ ಆಸ್ಟ್ರೇಲಿಯಾ ಪ್ರವಾಸದಲ್ಲಿ ಟೆಸ್ಟ್‌ಗಳು ಮೊದಲು. ಅವು ಮುಗಿದ ಮೇಲೆ ಫೆಬ್ರುವರಿ 1ರಂದು ಒಂದೇ ಒಂದು ಟಿ20, ಅದರ ಹಿಂದೆ ಶ್ರೀಲಂಕಾವೂ ಸೇರಿದ ತ್ರಿಕೋನ ಏಕದಿನ ಸರಣಿ. ಸಿಡ್ನಿ ಟೆಸ್ಟ್‌ನ ಕಹಿ, ಪರ್ತ್‌ನ ಗೆಲುವು ಎಲ್ಲವನ್ನೂ ಕುಂಬ್ಳೆ ಹೊತ್ತರು. ಆಮೇಲೆ ಎಳೆಯರ ತಂಡ ಕಟ್ಟಿಕೊಂಡು ಧೋನಿ ತ್ರಿಕೋನ ಸರಣಿಯನ್ನು ಗೆದ್ದರು. 2018-19ರಲ್ಲಿ ಟಿ20 ಮೊದಲು, ಟೆಸ್ಟ್ ನಡುವೆ, ಏಕದಿನ ಕೊನೆಗೆ. 2020-21ರಲ್ಲಿ ಬಿಳಿ ಚೆಂಡಿನ ಆರೂ ಪಂದ್ಯಗಳು ಮೊದಲು, ಆಮೇಲೆ ನಾಲ್ಕು ಟೆಸ್ಟ್. ಟೆಸ್ಟ್ ಮೊದಲಿದ್ದರೆ ಬಂದಿಳಿದ ಕೂಡಲೇ ಕಠಿಣ ಪರೀಕ್ಷೆ. ಕೊನೆಗಿದ್ದರೆ ನೆಲ ಪರಿಚಯವಾಗಿರುತ್ತದೆ, ಮೈ ದಣಿದಿರುತ್ತದೆ. ಒಂದು ಸಿಕ್ಕರೆ ಇನ್ನೊಂದು ಕೈಬಿಡುತ್ತದೆ.

ಆ ಸಲ ದಣಿವು ವಿಮಾನ ಹತ್ತುವ ಮೊದಲೇ ಇತ್ತು. ಕೋವಿಡ್ ಕಾರಣಕ್ಕೆ ಐಪಿಎಲ್ ಸಂಯುಕ್ತ ಅರಬ್ ಸಂಸ್ಥಾನಕ್ಕೆ ಹೋಗಿತ್ತು. ನವೆಂಬರ್ 10ರಂದು ಅದು ಮುಗಿಯಿತು. ಆಟಗಾರರು ಮನೆಗೆ ಬಾರದೆ ದುಬೈನಿಂದ ನೇರವಾಗಿ ಸಿಡ್ನಿಗೆ ಹಾರಿದರು. ಅಲ್ಲಿ ಹದಿನಾಲ್ಕು ದಿನ ಕ್ವಾರಂಟೈನ್. ಹೋಟೆಲ್ ಮತ್ತು ಅಭ್ಯಾಸದ ಮೈದಾನ ಬಿಟ್ಟು ಎಲ್ಲೂ ಹೋಗುವಂತಿಲ್ಲ. ಆ ದಿನಗಳಲ್ಲೇ, ನವೆಂಬರ್ 20ರಂದು, ಹೈದರಾಬಾದಿನಲ್ಲಿ ಸಿರಾಜ್ ಅವರ ತಂದೆ ತೀರಿಕೊಂಡರು. ಆಟೊ ಓಡಿಸಿ ಮಗನನ್ನು ಕ್ರಿಕೆಟಿಗನನ್ನಾಗಿ ಮಾಡಿದವರು ಅವರು. ಮನೆಗೆ ಹೋಗುವುದಾದರೆ ಕಳಿಸಿಕೊಡುತ್ತೇವೆ ಎಂದು ಮಂಡಳಿ ಹೇಳಿತು. ಸಿರಾಜ್ ಅಲ್ಲೇ ಉಳಿದರು.

ಈ ಕ್ವಾರಂಟೈನ್‌ನಿಂದಲೇ ಇನ್ನೊಂದು ಸಂಗತಿಯೂ ಆಯಿತು, ನನ್ನ ಮಟ್ಟಿಗೆ ಇಡೀ ಪ್ರವಾಸದ ಕೀಲಿಕೈ ಅದು. ಮಾಮೂಲಿ ದಿನಗಳಲ್ಲಿ ಯಾರಾದರೂ ಗಾಯಗೊಂಡರೆ ಊರಿನಿಂದ ಬದಲಿ ಆಟಗಾರನನ್ನು ಕರೆಸಿಕೊಂಡರೆ ಮುಗಿಯಿತು. ಬಂದವನು ಎರಡು ವಾರ ಕೋಣೆಯಲ್ಲಿ ಕೂರಬೇಕು ಎಂದಾದಾಗ ಆ ದಾರಿ ಮುಚ್ಚಿಹೋಗುತ್ತದೆ. ಹಾಗಾಗಿ ಮೂರೂ ಮಾದರಿಯವರನ್ನು ಒಟ್ಟಿಗೆ ಕರೆದೊಯ್ದರು, ನೆಟ್ ಬೌಲರ್‌ಗಳನ್ನೂ ಸೇರಿಸಿಕೊಂಡರು. ಆಗ ಆಯ್ಕೆ ಸಮಿತಿಯ ಅಧ್ಯಕ್ಷರಾಗಿದ್ದವರು ನಮ್ಮ ಗದಗಿನ ಸುನಿಲ್ ಜೋಶಿ. ಚುಟುಕು ಸರಣಿಗಳು ಮುಗಿದ ಮೇಲೆ ಹಾರ್ದಿಕ್ ಪಾಂಡ್ಯ ಮುಂತಾದವರು ಮನೆಗೆ ಮರಳಿದರೂ ಶಾರ್ದೂಲ್, ಸುಂದರ್, ನಟರಾಜನ್ ಅವರನ್ನು ಅಲ್ಲೇ ಉಳಿಸಿಕೊಂಡರು. ಬಯಲುಸೀಮೆಯ ರೈತ ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಹಾಕುವಂತೆ ಇದು: ರಾಗಿ ಕೈಕೊಟ್ಟ ವರ್ಷ ಮನೆ ನಡೆಯುವುದು ಅಂಚಿನ ಅವರೆ, ತೊಗರಿಯಿಂದ.

ಇನ್ನು ಬಿಳಿ ಚೆಂಡಿನ ಲೆಕ್ಕ. ಸಿಡ್ನಿಯಲ್ಲಿ ಮೊದಲ ಎರಡು ಏಕದಿನ ಪಂದ್ಯಗಳಲ್ಲಿ ಆಸ್ಟ್ರೇಲಿಯಾ 374, 389 ರನ್ ಪೇರಿಸಿ ಗೆದ್ದಿತು. ಸ್ಟೀವ್ ಸ್ಮಿತ್ ಎರಡರಲ್ಲೂ ಶತಕ ಹೊಡೆದರು. ಸರಣಿ ಅಲ್ಲಿಗೇ ಹೋಯಿತು. ಕ್ಯಾನ್‌ಬೆರಾದ ಮೂರನೇ ಪಂದ್ಯದಲ್ಲಿ ಹಾರ್ದಿಕ್ ಪಾಂಡ್ಯ 92, ರವೀಂದ್ರ ಜಡೇಜ 66 ರನ್ ಗಳಿಸಿ ಔಟಾಗದೆ ಉಳಿದು ತಂಡವನ್ನು 302ಕ್ಕೆ ತಲುಪಿಸಿದರು. ಭಾರತ 13 ರನ್‌ಗಳಿಂದ ಗೆದ್ದಿತು. ಸರಣಿ ಕೈಬಿಟ್ಟ ಮೇಲಿನ ಗೆಲುವು ಎಂದು ಪತ್ರಿಕೆಗಳು ಅದಕ್ಕೆ ಸಣ್ಣ ಜಾಗ ಕೊಟ್ಟವು. ಆದರೆ ಆ ಪಂದ್ಯದಲ್ಲೇ ನಟರಾಜನ್ ಮೊದಲ ಬಾರಿ ಭಾರತದ ಪರ ಆಡಿದ್ದು, ಶಾರ್ದೂಲ್ ಮೂರು ವಿಕೆಟ್ ಪಡೆದದ್ದು.

ಎರಡು ದಿನಗಳ ನಂತರ ಅದೇ ಮೈದಾನದಲ್ಲಿ ಮೊದಲ ಟಿ20. ಕೆ.ಎಲ್. ರಾಹುಲ್ ಅರ್ಧಶತಕ ಹೊಡೆದರು. ಕೊನೆಯಲ್ಲಿ ಜಡೇಜ 44 ರನ್ ಬಾರಿಸುವ ಹೊತ್ತಿಗೆ ಚೆಂಡು ಹೆಲ್ಮೆಟ್‌ಗೆ ಬಡಿಯಿತು. ತಲೆಗೆ ಪೆಟ್ಟಾದರೆ ಬದಲಿ ಆಟಗಾರನನ್ನು ಇಳಿಸಬಹುದೆಂಬ ನಿಯಮದಡಿ ಯಜುವೇಂದ್ರ ಚಾಹಲ್ ಮೈದಾನಕ್ಕೆ ಬಂದು ಮೂರು ವಿಕೆಟ್ ಕಿತ್ತು ಪಂದ್ಯಶ್ರೇಷ್ಠರಾದರು. ಸುಂದರ್ ನಾಲ್ಕು ಓವರ್‌ಗಳಲ್ಲಿ ಕೊಟ್ಟದ್ದು 16 ರನ್ ಮಾತ್ರ. ನಟರಾಜನ್‌ಗೆ ಮೂರು ವಿಕೆಟ್. ಸಿಡ್ನಿಯ ಎರಡನೇ ಪಂದ್ಯದಲ್ಲಿ ಆಸ್ಟ್ರೇಲಿಯಾ 194 ಬಾರಿಸಿದಾಗಲೂ ಅವರ ನಾಲ್ಕು ಓವರ್‌ಗಳಲ್ಲಿ ಬಂದದ್ದು 20 ರನ್, ಬಿದ್ದದ್ದು ಎರಡು ವಿಕೆಟ್. ಸರಣಿ 2-1ರಿಂದ ಭಾರತದ್ದಾಯಿತು. ಸರಣಿಶ್ರೇಷ್ಠರಾದ ಪಾಂಡ್ಯ ತಮ್ಮ ಟ್ರೋಫಿಯನ್ನು ನಟರಾಜನ್ ಕೈಗಿತ್ತರು. ಸೇಲಂ ಜಿಲ್ಲೆಯ ಚಿನ್ನಪ್ಪಂಪಟ್ಟಿ ಎಂಬ ಹಳ್ಳಿಯಿಂದ ಟೆನಿಸ್ ಚೆಂಡಿನಲ್ಲಿ ಆಡುತ್ತ ಬಂದ ಎಡಗೈ ಬೌಲರ್ ಅವರು. ಐಪಿಎಲ್ ನಡೆಯುತ್ತಿದ್ದಾಗ ಮಗಳು ಹುಟ್ಟಿದ್ದಳು, ಮುಖ ನೋಡಲು ಇನ್ನೂ ಹೋಗಿರಲಿಲ್ಲ.

ಬಿಳಿ ಚೆಂಡಿನಿಂದ ಕೆಂಪು ಚೆಂಡಿಗೆ ದಾಟುವುದು ಎಂದರೇನು ಎಂದು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಟಿ20ಯಲ್ಲಿ ಬೌಲರ್‌ಗೆ ಗರಿಷ್ಠ ನಾಲ್ಕು ಓವರ್, ಏಕದಿನದಲ್ಲಿ ಹತ್ತು. ಟೆಸ್ಟ್‌ನಲ್ಲಿ ಮಿತಿಯೇ ಇಲ್ಲ. ಒಂದು ದಿನಕ್ಕೆ ಇಪ್ಪತ್ತು ಓವರ್ ಹಾಕಿ, ಮರುದಿನ ಮತ್ತೆ ಓಡಿ ಬರಬೇಕು. ಇಪ್ಪತ್ನಾಲ್ಕು ಎಸೆತಗಳಿಗೆ ಒಗ್ಗಿಹೋದ ತೊಡೆ, ಬೆನ್ನು, ಹೊಟ್ಟೆಯ ಸ್ನಾಯುಗಳು ಒಮ್ಮೆಗೇ ನೂರಿಪ್ಪತ್ತು ಎಸೆತಗಳ ಹೊರೆ ಹೊರಬೇಕು. ಗಾಯಗಳ ದೊಡ್ಡ ಮೂಲ ಇದು. ಏಕದಿನ ಪಂದ್ಯದಲ್ಲಿ ಆಗ ಎರಡೂ ತುದಿಗಳಿಂದ ಎರಡು ಹೊಸ ಚೆಂಡು ಬಳಸುತ್ತಿದ್ದರು. ಟೆಸ್ಟ್‌ನಲ್ಲಿ ಒಂದೇ ಚೆಂಡು ಎಂಬತ್ತು ಓವರ್ ಬಾಳಬೇಕು. ಆಸ್ಟ್ರೇಲಿಯಾದಲ್ಲಿ ಬಳಸುವ ಕೂಕಬುರಾ ಚೆಂಡಿನ ಹೊಲಿಗೆ ಬೇಗ ಚಪ್ಪಟೆಯಾಗುತ್ತದೆ. ಆಮೇಲೆ ವಿಕೆಟ್ ಬೀಳುವುದು ಒಂದೇ ಜಾಗಕ್ಕೆ ಗಂಟೆಗಟ್ಟಲೆ ಹಾಕುವವರಿಗೆ. ನಿಧಾನದ ಚೆಂಡು, ಯಾರ್ಕರ್ ಎಂದು ಪ್ರತಿ ಎಸೆತಕ್ಕೂ ಬದಲಾಯಿಸುವ ಟಿ20 ಬುದ್ಧಿಯನ್ನು ಅಲ್ಲಿ ಪಕ್ಕಕ್ಕಿಡಬೇಕು. ಬ್ಯಾಟ್ಸ್‌ಮನ್ ಕಷ್ಟ ಇನ್ನೊಂದು ಬಗೆಯದು. ಆಫ್‌ಸ್ಟಂಪ್ ಆಚೆಗಿನ ಚೆಂಡಿಗೆ ಕೈ ಚಾಚಿದರೆ ಏಕದಿನದಲ್ಲಿ ಬೌಂಡರಿ, ಟೆಸ್ಟ್‌ನಲ್ಲಿ ಸ್ಲಿಪ್‌ನಲ್ಲಿ ಕ್ಯಾಚ್. ಬಿಡುವುದನ್ನು ಹೊಸದಾಗಿ ಕಲಿಯಬೇಕು.

ಅಡಿಲೇಡ್‌ನಲ್ಲಿ ಇನ್ನೂ ಒಂದು ತೊಡಕಿತ್ತು. ಅದು ಹಗಲು-ರಾತ್ರಿ ಟೆಸ್ಟ್, ಗುಲಾಬಿ ಚೆಂಡು. ಭಾರತ ಅದಕ್ಕೆ ಮೊದಲು ಆಡಿದ್ದು ಅಂಥ ಒಂದೇ ಪಂದ್ಯ, ಅದೂ ಕೋಲ್ಕತ್ತದಲ್ಲಿ ಬಾಂಗ್ಲಾದೇಶದ ಎದುರು. ಆಸ್ಟ್ರೇಲಿಯಾ ಏಳು ಆಡಿ ಏಳನ್ನೂ ಗೆದ್ದಿತ್ತು. ಆದರೂ ಎರಡು ದಿನ ಭಾರತದ ಕೈಯೇ ಮೇಲಿತ್ತು: ನಾಯಕ ಕೊಹ್ಲಿ 74, ಅಶ್ವಿನ್ ನಾಲ್ಕು ವಿಕೆಟ್, 53 ರನ್ ಮುನ್ನಡೆ. ಮೂರನೇ ದಿನ, ಡಿಸೆಂಬರ್ 19ರ ಮಧ್ಯಾಹ್ನ, ಒಂದು ಗಂಟೆಯಲ್ಲಿ ಎಲ್ಲ ಮುಗಿಯಿತು. ಸ್ಕೋರು 15ರಲ್ಲಿದ್ದಾಗಲೇ ನಾಲ್ಕು ವಿಕೆಟ್ ಬಿದ್ದವು. ಹೇಜಲ್‌ವುಡ್ ಐದು ಓವರ್‌ಗಳಲ್ಲಿ ಎಂಟು ರನ್ ಕೊಟ್ಟು ಐದು ವಿಕೆಟ್, ಕಮಿನ್ಸ್ ನಾಲ್ಕು ವಿಕೆಟ್. ಹನ್ನೊಂದು ಮಂದಿಯಲ್ಲಿ ಒಬ್ಬರೂ ಎರಡಂಕಿ ತಲುಪಲಿಲ್ಲ. ಅತಿ ಹೆಚ್ಚು ಗಳಿಸಿದ್ದು ನಮ್ಮ ಮಯಂಕ್ ಅಗರವಾಲ್, ಒಂಬತ್ತು ರನ್. ಕೊನೆಯಲ್ಲಿ ಕಮಿನ್ಸ್ ಎಸೆತ ಮೊಹಮ್ಮದ್ ಶಮಿ ಅವರ ಕೈಗೆ ಬಡಿದು ಮೂಳೆ ಮುರಿಯಿತು. ಮೊತ್ತ 36. ಆ ದಿನ ಯಾರೂ ಹುಚ್ಚುಚ್ಚಾಗಿ ಬ್ಯಾಟ್ ಬೀಸಿ ಔಟಾಗಲಿಲ್ಲ. ಬಹುತೇಕ ಎಲ್ಲರೂ ಚೆಂಡನ್ನು ಆಡಲೇಬೇಕಾದ ಜಾಗದಲ್ಲಿ ಆಡಿ, ಅಂಚು ಸವರಿ ಔಟಾದರು. ಆದರೂ ಬಿಳಿ ಚೆಂಡಿನತ್ತ ಕೈ ಬೀಸಿ ಆಡಿದ ಅಭ್ಯಾಸ ಅದರಲ್ಲಿ ಸ್ವಲ್ಪವಾದರೂ ಇತ್ತೆಂದೇ ನಾನು ನಂಬುತ್ತೇನೆ.

ಕೊಹ್ಲಿ ಮೊದಲ ಮಗುವಿನ ನಿರೀಕ್ಷೆಯಲ್ಲಿ ಮನೆಗೆ ಮರಳಿದರು. ಅಜಿಂಕ್ಯ ರಹಾನೆ ನಾಯಕರಾದರು. ಮೆಲ್ಬರ್ನ್‌ನಲ್ಲಿ ಶುಭಮನ್ ಗಿಲ್, ಸಿರಾಜ್ ಪದಾರ್ಪಣೆ ಮಾಡಿದರು. ರಹಾನೆ 112 ರನ್ ಹೊಡೆದರು, ಸಿರಾಜ್ ಐದು ವಿಕೆಟ್ ಪಡೆದರು, ಎಂಟು ವಿಕೆಟ್‌ಗಳ ಗೆಲುವು. ಅಲ್ಲೇ ಉಮೇಶ್ ಯಾದವ್ ಅವರ ಮೀನಖಂಡಕ್ಕೆ ಪೆಟ್ಟಾಯಿತು. ಮುಂದಿನ ಪಂದ್ಯಕ್ಕೆ ಅಣಿಯಾಗುತ್ತಿದ್ದ ಕೆ.ಎಲ್. ರಾಹುಲ್ ನೆಟ್ಸ್‌ನಲ್ಲಿ ಮಣಿಕಟ್ಟು ನೋಯಿಸಿಕೊಂಡು ಊರಿಗೆ ಬಂದರು. ಆರು ಬಿಳಿ ಚೆಂಡಿನ ಪಂದ್ಯಗಳಲ್ಲೂ ಆಡಿದ್ದ ಅವರಿಗೆ ಒಂದು ಟೆಸ್ಟ್ ಕೂಡ ಸಿಗಲಿಲ್ಲ.

ಸಿಡ್ನಿಯಲ್ಲಿ ಗೆಲುವಿನ ಗುರಿ 407. ಜಡೇಜ ಅವರ ಹೆಬ್ಬೆರಳು ಮುರಿದಿತ್ತು. ಪಂತ್ ಅವರ ಮೊಣಕೈ ಊದಿತ್ತು. ಆ ಕೈಯಲ್ಲೇ ಅವರು 97 ಹೊಡೆದರು. ಪಂತ್ ಹೋದರು, 77 ರನ್ ಗಳಿಸಿ ಪೂಜಾರ ಹೋದರು. ಆಗ ಜೊತೆಯಾದವರು ಹನುಮ ವಿಹಾರಿ ಮತ್ತು ಅಶ್ವಿನ್. ವಿಹಾರಿ ಒಂದು ರನ್ ಓಡಲು ಹೋಗಿ ತೊಡೆಯ ಹಿಂಭಾಗದ ಸ್ನಾಯು ಹರಿದುಕೊಂಡರು. ಅಶ್ವಿನ್‌ಗೆ ಅಂದು ಬೆಳಿಗ್ಗೆ ಬಗ್ಗಿ ಶೂ ಲೇಸ್ ಕಟ್ಟಲೂ ಆಗದಷ್ಟು ಬೆನ್ನುನೋವು. ಒಬ್ಬರಿಗೆ ಮುಂದೆ ಕಾಲಿಡಲಾಗದು, ಇನ್ನೊಬ್ಬರಿಗೆ ಬಾಗಲಾಗದು. ಹಾಗಾಗಿ ವೇಗದ ಬೌಲರ್‌ಗಳನ್ನು ಹೆಚ್ಚಾಗಿ ವಿಹಾರಿ ಎದುರಿಸುವುದು, ಲಯನ್ ಅವರ ಸ್ಪಿನ್‌ಗೆ ಅಶ್ವಿನ್ ನಿಲ್ಲುವುದು ಎಂದು ಹಂಚಿಕೊಂಡರು. ನಲವತ್ತೆರಡು ಓವರ್‌ಗೂ ಹೆಚ್ಚು ಹೊತ್ತು ಹಾಗೇ ನಿಂತರು. ವಿಹಾರಿ 161 ಎಸೆತಗಳಲ್ಲಿ 23, ಅಶ್ವಿನ್ 128 ಎಸೆತಗಳಲ್ಲಿ 39. ಪಂದ್ಯ ಡ್ರಾ. ಟಿ20ಯಲ್ಲಿ ಈ ಅಂಕಿಗಳಿಗೆ ತಂಡದಿಂದಲೇ ಕೈಬಿಡುತ್ತಾರೆ. ಅದೇ ಪಂದ್ಯದಲ್ಲಿ ಪ್ರೇಕ್ಷಕರ ಗ್ಯಾಲರಿಯಿಂದ ಬಂದ ನಿಂದನೆಯನ್ನು ಸಿರಾಜ್ ಅಂಪೈರ್‌ಗೆ ತಿಳಿಸಿದರು, ಆಟ ನಿಂತಿತು, ಆರು ಮಂದಿಯನ್ನು ಕ್ರೀಡಾಂಗಣದಿಂದ ಹೊರಗೆ ಹಾಕಲಾಯಿತು.

ಆ ಡ್ರಾಗೆ ಇನ್ನೊಂದು ಮುಖವಿದೆ. ಭಾರತ ಕೊನೆಯ ಇನಿಂಗ್ಸ್‌ನಲ್ಲಿ 131 ಓವರ್ ಆಡಿತು. ಅಷ್ಟೂ ಹೊತ್ತು ಬಹುಪಾಲು ಬೌಲ್ ಮಾಡಿದವರು ಕಮಿನ್ಸ್, ಹೇಜಲ್‌ವುಡ್, ಸ್ಟಾರ್ಕ್, ಲಯನ್. ನಾಲ್ಕು ಟೆಸ್ಟ್‌ಗಳಲ್ಲೂ ಆಸ್ಟ್ರೇಲಿಯಾ ಈ ನಾಲ್ವರನ್ನು ಬದಲಿಸಲಿಲ್ಲ. ಸಿಡ್ನಿ ಪಂದ್ಯ ಮುಗಿದದ್ದು ಜನವರಿ 11ಕ್ಕೆ, ಬ್ರಿಸ್ಬೇನ್ ಶುರುವಾದದ್ದು 15ಕ್ಕೆ. ಗಾಬಾದ ಕೊನೆಯ ದಿನ ಸ್ಟಾರ್ಕ್ ತೊಡೆನೋವಿನಲ್ಲೇ ಓಡಿಬರುತ್ತಿದ್ದರು. ಭಾರತ ನಾಲ್ಕು ಟೆಸ್ಟ್‌ಗಳಿಗೆ ಇಪ್ಪತ್ತು ಆಟಗಾರರನ್ನು ಇಳಿಸಿತ್ತು. ನಾಲ್ಕನ್ನೂ ಆಡಿದವರು ಪೂಜಾರ ಮತ್ತು ರಹಾನೆ ಇಬ್ಬರೇ. ನಮ್ಮದು ಅನಿವಾರ್ಯ, ಅವರದು ಆಯ್ಕೆ. ಕೊನೆಗೆ ಅನಿವಾರ್ಯದಿಂದ ಬಂದ ಹೊಸ ಕಾಲುಗಳೇ ಕೈ ಹಿಡಿದವು.

ಗಾಬಾಕ್ಕೆ ಬರುವ ಹೊತ್ತಿಗೆ ಕೊಹ್ಲಿ, ರಾಹುಲ್, ವಿಹಾರಿ, ಜಡೇಜ, ಅಶ್ವಿನ್, ಬೂಮ್ರಾ, ಶಮಿ, ಉಮೇಶ್ ಯಾರೂ ಲಭ್ಯರಿಲ್ಲ. ಇಶಾಂತ್ ಶರ್ಮಾ ಪ್ರವಾಸಕ್ಕೇ ಬಂದಿರಲಿಲ್ಲ. ಕಣಕ್ಕಿಳಿದ ಐವರು ಬೌಲರ್‌ಗಳು ಅದಕ್ಕೆ ಮೊದಲು ಎಲ್ಲರೂ ಸೇರಿ ಆಡಿದ್ದ ಟೆಸ್ಟ್‌ಗಳು ನಾಲ್ಕು: ಸಿರಾಜ್ ಎರಡು, ನವದೀಪ್ ಸೈನಿ ಒಂದು, ಶಾರ್ದೂಲ್ ಒಂದು. ಶಾರ್ದೂಲ್ ಅವರ ಆ ಒಂದು ಟೆಸ್ಟ್ 2018ರಲ್ಲಿ ಹೈದರಾಬಾದಿನಲ್ಲಿ ಹತ್ತು ಎಸೆತಗಳಿಗೇ ಗಾಯದಿಂದ ಮುಗಿದಿತ್ತು. ಮೊದಲ ದಿನವೇ ಸೈನಿ ತೊಡೆಸಂದು ಹಿಡಿದುಕೊಂಡು ಓವರಿನ ನಡುವೆ ಹೊರನಡೆದರು. ಉಳಿದ ಎಸೆತ ಹಾಕಿ ಆ ಓವರ್ ಮುಗಿಸಿದ್ದು ರೋಹಿತ್ ಶರ್ಮಾ.

ಭಾರತ 186ಕ್ಕೆ ಆರು ವಿಕೆಟ್ ಕಳೆದುಕೊಂಡಿದ್ದಾಗ ಸುಂದರ್ ಜೊತೆ ಶಾರ್ದೂಲ್ ಸೇರಿದರು. ಆ ಜೊತೆಯಾಟವನ್ನು ಸಿಕ್ಕಾಗಲೆಲ್ಲ ನಾನು ಮತ್ತೆ ನೋಡುತ್ತೇನೆ. ಶಾರ್ದೂಲ್ ಖಾತೆ ತೆರೆದದ್ದು ಕಮಿನ್ಸ್ ಬೌನ್ಸರ್ ಅನ್ನು ಸಿಕ್ಸರಿಗೆ ಹುಕ್ ಮಾಡಿ. ಅರ್ಧಶತಕ ಮುಟ್ಟಿದ್ದು ಲಯನ್‌ಗೆ ಸಿಕ್ಸರ್ ಬಾರಿಸಿ. ಇವು ಬಿಳಿ ಚೆಂಡಿನ ಹೊಡೆತಗಳು. ಆದರೆ ಎರಡು ಸಿಕ್ಸರ್‌ಗಳ ನಡುವೆ ಅವರು ನೇರ ಬ್ಯಾಟಿನಲ್ಲಿ ತಡೆದ ಎಸೆತಗಳೇ ಹೆಚ್ಚು. ಸುಂದರ್ 2017ರ ನಂತರ ಪ್ರಥಮದರ್ಜೆ ಪಂದ್ಯವನ್ನೇ ಆಡಿರಲಿಲ್ಲ. ಆ ಎತ್ತರದ ಹುಡುಗ ಬೆನ್ನು ನೆಟ್ಟಗಿಟ್ಟು, ಚೆಂಡು ಬರುವವರೆಗೆ ಕಾದು, ಕಣ್ಣ ಕೆಳಗೆ ಆಡುತ್ತಿದ್ದ ರೀತಿ ನೋಡಿದವರಿಗೆ, ಇವರನ್ನು ಟಿ20 ಬೌಲರ್ ಎಂದು ಕರೆದೊಯ್ದದ್ದು ಎಂದರೆ ನಂಬುವುದು ಕಷ್ಟ. ಇಬ್ಬರೂ ಸೇರಿ 123 ರನ್ ಕೂಡಿಸಿದರು. ಶಾರ್ದೂಲ್ 67, ಸುಂದರ್ 62. ಭಾರತ 336. ಹಿನ್ನಡೆ 33 ರನ್‌ಗೆ ಇಳಿಯಿತು. ಆ ಜೊತೆಯಾಟ ಇಲ್ಲದಿದ್ದರೆ ಕೊನೆಯ ದಿನ ಎಂಬುದೇ ಬರುತ್ತಿರಲಿಲ್ಲ.

ಎರಡನೇ ಇನಿಂಗ್ಸ್‌ನಲ್ಲಿ ಸಿರಾಜ್ 73ಕ್ಕೆ ಐದು, ಶಾರ್ದೂಲ್ 61ಕ್ಕೆ ನಾಲ್ಕು. ಗುರಿ 328. ಗಾಬಾದಲ್ಲಿ ಅದುವರೆಗೆ ಯಾರೂ 236ಕ್ಕಿಂತ ದೊಡ್ಡ ಗುರಿ ಮುಟ್ಟಿರಲಿಲ್ಲ; 1988ರ ನಂತರ ಅಲ್ಲಿ ಆಸ್ಟ್ರೇಲಿಯಾ ಸೋತೇ ಇರಲಿಲ್ಲ. ಗಿಲ್ 91 ಹೊಡೆದರು. ಪೂಜಾರ 211 ಎಸೆತಗಳಲ್ಲಿ 56, ಅದರಲ್ಲಿ ಎಷ್ಟೋ ಎಸೆತಗಳನ್ನು ಎದೆ, ತೋಳು, ಹೆಲ್ಮೆಟ್‌ನಲ್ಲಿ ಸ್ವೀಕರಿಸಿದರು. ಪಂತ್ 89 ರನ್ ಗಳಿಸಿ ಅಜೇಯರಾಗಿ ಉಳಿದರು. ಪೂಜಾರ ಅಪ್ಪಟ ಟೆಸ್ಟ್ ಆಟಗಾರ. ಪಂತ್ ಅವರನ್ನು ಆ ಪ್ರವಾಸದ ಏಕದಿನ, ಟಿ20 ತಂಡಗಳಿಂದ ಕೈಬಿಡಲಾಗಿತ್ತು. ಕಮಿನ್ಸ್ ಎಸೆತವನ್ನು ಸಿಕ್ಸರಿಗೆತ್ತಿ ಒತ್ತಡ ಇಳಿಸಿದ್ದು ಮತ್ತೆ ಸುಂದರ್. ಇನ್ನು ಮೂರು ಓವರ್ ಉಳಿದಿರುವಾಗ ಗೆಲುವು. ಟ್ರೋಫಿ ತೆಗೆದುಕೊಂಡ ರಹಾನೆ ಅದನ್ನು ನೇರವಾಗಿ ನಟರಾಜನ್ ಕೈಗೆ ಕೊಟ್ಟರು. ಒಂದೇ ಪ್ರವಾಸದಲ್ಲಿ ಮೂರೂ ಮಾದರಿಗಳಿಗೆ ಪದಾರ್ಪಣೆ ಮಾಡಿದ ಮೊದಲ ಭಾರತೀಯ ಅವರು.

ಈ ಆಳ ಒಂದು ದಿನದಲ್ಲಿ ಬಂದದ್ದಲ್ಲ. ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಗೆ ಆಗ ರಾಹುಲ್ ದ್ರಾವಿಡ್ ಮುಖ್ಯಸ್ಥರು. ಅದಕ್ಕೆ ಮೊದಲು ಅವರು ಭಾರತ ಎ ಮತ್ತು 19 ವರ್ಷದೊಳಗಿನವರ ತಂಡಗಳಿಗೆ ಕೋಚ್ ಆಗಿದ್ದರು. ಗಿಲ್, ಪಂತ್, ಸುಂದರ್ ಆ ದಾರಿಯಲ್ಲೇ ಬಂದವರು. ಸಿರಾಜ್ 2018ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಆಸ್ಟ್ರೇಲಿಯಾ ಎ ತಂಡದ ಎಂಟು ವಿಕೆಟ್‌ಗಳನ್ನು ಒಂದೇ ಇನಿಂಗ್ಸ್‌ನಲ್ಲಿ ಕಿತ್ತಿದ್ದರು. ಹಾಗಾಗಿ ಮೆಲ್ಬರ್ನ್‌ನಲ್ಲಿ ಅವರು ಹೊಸಬರಾಗಿ ಕಂಡರೂ ಆಸ್ಟ್ರೇಲಿಯಾದ ಬ್ಯಾಟ್ಸ್‌ಮನ್‌ಗಳು ಅವರಿಗೆ ಹೊಸಬರಾಗಿರಲಿಲ್ಲ. ಗಾಯಗೊಂಡಿದ್ದ ರೋಹಿತ್ ಶರ್ಮಾ ಚೇತರಿಸಿಕೊಂಡದ್ದೂ ಬೆಂಗಳೂರಿನ ಅದೇ ಅಕಾಡೆಮಿಯಲ್ಲಿ.

ಮೂರು ಮಾದರಿಗಳ ಲೆಕ್ಕ ಮೂರು ಕಡೆ ಹೋಗುತ್ತದೆ ಎಂಬುದೂ ನಾವು ಪ್ರವಾಸವನ್ನು ಒಡೆದು ನೋಡಲು ಒಂದು ಕಾರಣ. ಆ ಸಲ ಟೆಸ್ಟ್‌ಗಳು ವಿಶ್ವ ಟೆಸ್ಟ್ ಚಾಂಪಿಯನ್‌ಷಿಪ್ ಪಟ್ಟಿಗೆ, ಏಕದಿನಗಳು 2023ರ ವಿಶ್ವಕಪ್ ಅರ್ಹತೆಯ ಸೂಪರ್ ಲೀಗ್ ಪಟ್ಟಿಗೆ ಸೇರಿದವು. ಮಹಿಳಾ ಕ್ರಿಕೆಟ್ ಇದಕ್ಕೆ ಬೇರೆ ದಾರಿ ಹುಡುಕಿದೆ. ಆಸ್ಟ್ರೇಲಿಯಾ–ಇಂಗ್ಲೆಂಡ್ ಮಹಿಳಾ ಆ್ಯಷಸ್‌ನಲ್ಲಿ 2013ರಿಂದ ಮೂರೂ ಮಾದರಿಗಳಿಗೆ ಒಂದೇ ಅಂಕಪಟ್ಟಿ. 2021ರಲ್ಲಿ ಭಾರತದ ಮಹಿಳೆಯರು ಆಸ್ಟ್ರೇಲಿಯಾಕ್ಕೆ ಹೋದಾಗಲೂ ಹೀಗೇ: ಟೆಸ್ಟ್ ಗೆದ್ದರೆ ನಾಲ್ಕು ಅಂಕ, ಏಕದಿನ, ಟಿ20 ಗೆದ್ದರೆ ತಲಾ ಎರಡು. ಕ್ಯಾರಾರಾದ ಗುಲಾಬಿ ಚೆಂಡಿನ ಟೆಸ್ಟ್‌ನಲ್ಲಿ ಸ್ಮೃತಿ ಮಂದಾನ 127 ಹೊಡೆದರು. ಒಟ್ಟು ಲೆಕ್ಕದಲ್ಲಿ ಆಸ್ಟ್ರೇಲಿಯಾ 11-5ರಿಂದ ಗೆದ್ದಿತು. ಇದೇ ಲೆಕ್ಕವನ್ನು 2020-21ರ ಪುರುಷರ ಪ್ರವಾಸಕ್ಕೆ ಹಾಕಿ, ಡ್ರಾಗೆ ತಲಾ ಎರಡು ಅಂಕ ಕೊಟ್ಟರೆ ಭಾರತಕ್ಕೆ 16, ಆಸ್ಟ್ರೇಲಿಯಾಕ್ಕೆ 12. ಕ್ಯಾನ್‌ಬೆರಾದ ಆ ಪುಟ್ಟ ಗೆಲುವುಗಳಿಗೂ ಅಲ್ಲಿ ಜಾಗ ಸಿಗುತ್ತದೆ. ಪುರುಷರ ದೊಡ್ಡ ಪ್ರವಾಸಗಳಿಗೂ ಈ ಪದ್ಧತಿ ಬಂದರೆ ಒಳ್ಳೆಯದು ಎಂದು ನನ್ನ ಅಭಿಪ್ರಾಯ.

ಈಗ ಗಾಳಿ ಬೇರೆ ಕಡೆ ಬೀಸುತ್ತಿದೆ. 2024-25ರಲ್ಲಿ ಭಾರತ ಆಸ್ಟ್ರೇಲಿಯಾದಲ್ಲಿ ಐದು ಟೆಸ್ಟ್ ಮಾತ್ರ ಆಡಿತು. ಬಿಳಿ ಚೆಂಡಿನ ತಂಡ ಬೇರೆಯಾಗಿ 2025ರ ಅಕ್ಟೋಬರ್‌ನಲ್ಲಿ ಹೋಯಿತು. ಟೆಸ್ಟ್ ಸರಣಿಯಲ್ಲಿ ಬೂಮ್ರಾ 150ಕ್ಕೂ ಹೆಚ್ಚು ಓವರ್ ಹಾಕಿ 32 ವಿಕೆಟ್ ಪಡೆದರು, ಸಿಡ್ನಿಯ ಕೊನೆಯ ಪಂದ್ಯದಲ್ಲಿ ಬೆನ್ನು ಹಿಡಿದುಕೊಂಡು ಹೊರಗೆ ಕೂತರು, ಸರಣಿ 3-1ರಿಂದ ಹೋಯಿತು. ಪ್ರವಾಸವನ್ನು ತುಂಡು ಮಾಡಿದರೆ ಆಟಗಾರರಿಗೆ ಬಿಡುವು ಸಿಗುತ್ತದೆ, ಅದನ್ನು ನಾನು ಒಪ್ಪುತ್ತೇನೆ. 2020-21ರ ಇಕ್ಕಟ್ಟಿನ ವೇಳಾಪಟ್ಟಿ ಎಷ್ಟು ಮಂದಿಯನ್ನು ಗಾಯಾಳು ಮಾಡಿತೆಂದು ನೋಡಿದ ಮೇಲೆ ಅದೇ ಬೇಕೆಂದು ಕೇಳಲಾಗದು. ನಟರಾಜನ್ ಕೂಡ ಆ ವರ್ಷವೇ ಮೊಣಕಾಲಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕಾಯಿತು. ಗಾಬಾ ಬಿಟ್ಟರೆ ಅವರಿಗೆ ಇನ್ನೊಂದು ಟೆಸ್ಟ್ ಸಿಕ್ಕಿಲ್ಲ. ಆದರೆ ತಂಡದ ಜೊತೆ ಹೆಚ್ಚುವರಿ ಹುಡುಗರು ಎರಡು ತಿಂಗಳು ಅದೇ ನೆಟ್ಸ್‌ನಲ್ಲಿ, ಅದೇ ಪಿಚ್‌ಗಳಲ್ಲಿ ಬೆವರು ಸುರಿಸುವ ಅವಕಾಶ ಬೇರೆ ಬೇರೆ ಪ್ರವಾಸಗಳಲ್ಲಿ ಇರುವುದಿಲ್ಲ.

ಆದ್ದರಿಂದ ಕ್ರಿಕೆಟ್ ಮಂಡಳಿಯಲ್ಲಿ ಒಂದು ಕೋರಿಕೆ. ಮಾದರಿಗಳನ್ನು ಬೇರ್ಪಡಿಸುವುದಾದರೆ ಬೇರ್ಪಡಿಸಲಿ. ಪ್ರತಿ ಟೆಸ್ಟ್ ಪ್ರವಾಸಕ್ಕೆ ಮೊದಲು ಕನಿಷ್ಠ ಎರಡು ಅಭ್ಯಾಸ ಪಂದ್ಯ ಇಡಲಿ, ಭಾರತ ಎ ತಂಡದ ಪ್ರವಾಸವನ್ನು ಅದೇ ದೇಶದಲ್ಲಿ ಅದೇ ಹೊತ್ತಿಗೆ ನಡೆಸಲಿ, ನಾಲ್ವರು ನೆಟ್ ಬೌಲರ್‌ಗಳನ್ನು ಸರಣಿ ಮುಗಿಯುವ ತನಕ ಉಳಿಸಿಕೊಳ್ಳಲಿ. ಓದುಗರಲ್ಲೂ ಒಂದು ಮಾತು: ಮುಂದಿನ ಪ್ರವಾಸದ ಪಟ್ಟಿ ಪತ್ರಿಕೆಯಲ್ಲಿ ಬಂದಾಗ ನಾಯಕ, ಉಪನಾಯಕರ ಹೆಸರಿಗೆ ನಿಲ್ಲಿಸದೆ ಕೆಳಗಿನ ಸಾಲಿನಲ್ಲಿರುವ ಹೆಚ್ಚುವರಿ ಬೌಲರ್‌ಗಳ ಹೆಸರುಗಳನ್ನೂ ಓದಿ.